ಇಸವಿ ಗೊತ್ತಿಲ್ಲದ ಪುಸ್ತಕನ ಕ್ಯಾಟಲಾಗ್‌ ಸರ್ಚ್‌ನಲ್ಲಿ ಸಿಗೋ ಹಾಗೆ ಮಾಡೋದು ಹೇಗೆ

ಯಾವ ಡಿಜಿಟಲ್ ಲೈಬ್ರರಿ ಓಪನ್ ಮಾಡಿದ್ರೂ ಪಕ್ಕದಲ್ಲಿ ಒಂದು ಫಿಲ್ಟರ್ ಇದ್ದೇ ಇರತ್ತೆ, ಈ ಇಸವಿಯಿಂದ ಈ ಇಸವಿವರೆಗೆ ಅಂತ. ಅಲ್ಲಿ 1920ರಿಂದ 1930 ಅಂತ ಹಾಕ್ತೀವಿ, ಒಂದಷ್ಟು ಪುಸ್ತಕ ಬರ್ತವೆ, ಆ ಕಾಲದ್ದು ಇವ್ರ ಹತ್ರ ಇರೋದು ಇಷ್ಟೇ ಅಂದ್ಕೊಂಡು ಮುಂದಕ್ಕೆ ಹೋಗ್ತೀವಿ. ಆದ್ರೆ ಆ ಅವಧಿಯಲ್ಲಿ ಅಚ್ಚಾದ ಎಷ್ಟೋ ಪುಸ್ತಕದಲ್ಲಿ ಇಸವಿನೇ ಇರಲ್ಲ, ಇದ್ರೂ ಟೈಟಲ್ ಪೇಜ್ ಹರಿದು ಹೋಗಿರತ್ತೆ, ಕ್ಯಾಟಲಾಗ್ ಮಾಡಿದವ್ರು ಪಾಪ ‘ಸುಮಾರು 1925’ ಅಂತಲೋ ‘20ನೇ ಶತಮಾನ’ ಅಂತಲೋ ಬರೆದಿಟ್ಟಿರ್ತಾರೆ. ನಾವು ಫಿಲ್ಟರ್ ಹಾಕಿದ ತಕ್ಷಣ ಅವೆಲ್ಲ ಲಿಸ್ಟಿಂದ ಬಿದ್ದು ಹೋಗ್ತವೆ. ಎರರ್ ಬರಲ್ಲ, ‘ಇನ್ನೂ ಇಷ್ಟು ಪುಸ್ತಕದ ಇಸವಿ ಗೊತ್ತಿಲ್ಲ’ ಅಂತ ಒಂದು ಸಾಲೂ ಬರಲ್ಲ. ಸ್ಕ್ಯಾನ್ ಆಗಿ, ಸರ್ವರ್‌ನಲ್ಲಿ ಕೂತಿರೋ ಪುಸ್ತಕ ಓದುಗರ ಪಾಲಿಗೆ ಇಲ್ಲವೇ ಇಲ್ಲ ಅನ್ನೋ ಹಾಗಾಗತ್ತೆ. ನಂಗೆ ಇದು ನಿಜಕ್ಕೂ ದೊಡ್ಡ ನಷ್ಟ ಅನ್ಸತ್ತೆ, ಯಾಕಂದ್ರೆ ಹೀಗೆ ಕಾಣೆಯಾಗೋವು ಹೆಚ್ಚಾಗಿ ಸಣ್ಣ ಊರಿನ ಪ್ರೆಸ್ಸಲ್ಲಿ ಅಚ್ಚಾದ ಯಕ್ಷಗಾನ ಪ್ರಸಂಗ, ಹಾಡಿನ ಪುಸ್ತಕ, ನಾಟಕ, ಶಾಲೆ ಪಠ್ಯ ಇಂಥವೇ. ದೊಡ್ಡ ಪ್ರಕಾಶಕರ ಪುಸ್ತಕಕ್ಕೆ ಇಸವಿ ಹೇಗೂ ಇರತ್ತೆ.

ಹಳೇ ಕ್ಯಾಟಲಾಗರ್‌ಗಳು ಈ ವಿಷಯದಲ್ಲಿ ಬಹಳ ಶಿಸ್ತಿನವ್ರು. ಪುಸ್ತಕದಲ್ಲಿ ಇಲ್ಲದ್ದನ್ನ ತಾವು ಊಹಿಸಿ ಬರೆದ್ರೆ ಅದನ್ನ ಚೌಕ ಬ್ರಾಕೆಟ್ ಒಳಗೆ ಹಾಕ್ಬೇಕು ಅನ್ನೋದು ನಿಯಮ. [1924] ಅಂದ್ರೆ ಪುಸ್ತಕದ ಮೇಲೆ ಇಲ್ಲ ಆದ್ರೆ ಬೇರೆ ಕಡೆಯಿಂದ ಗೊತ್ತಾಗಿದೆ, [1924?] ಅಂದ್ರೆ ಬಹುಶಃ ಅದೇ ವರ್ಷ, [ಸು. 1924] ಅಂದ್ರೆ ಅದರ ಆಸುಪಾಸು, [192-] ಅಂದ್ರೆ ಇಪ್ಪತ್ತರ ದಶಕ ಅನ್ನೋದು ಖಾತ್ರಿ ಆದ್ರೆ ವರ್ಷ ಗೊತ್ತಿಲ್ಲ, [19--] ಅಂದ್ರೆ ಶತಮಾನ ಮಾತ್ರ ಗೊತ್ತು. ಈಗಿನ ಆರ್‌ಡಿಎ ಅನ್ನೋ ಕ್ಯಾಟಲಾಗ್ ನಿಯಮಾವಳಿಯಲ್ಲಿ ಆ ಅಡ್ಡಗೆರೆ ಬಿಟ್ಟು ‘1920 ಮತ್ತು 1929ರ ನಡುವೆ’ ಅಂತ ಬಿಡಿಸಿ ಬರೀತಾರೆ. ಇಷ್ಟೂ ಬೇರೆ ಬೇರೆ ಮಟ್ಟದ ಮಾಹಿತಿ, ಒಂದೊಂದ್ರ ಹಿಂದೆಯೂ ಯಾರೋ ಕೂತು ಯೋಚಿಸಿದ ತೀರ್ಮಾನ ಇದೆ. ಕಾರ್ಡ್ ಇದ್ದ ಕಾಲದಲ್ಲಿ ಓದ್ತಾ ಇದ್ದಿದ್ದು ಮನುಷ್ಯ, ಬ್ರಾಕೆಟ್ಟು ಪ್ರಶ್ನೆ ಚಿಹ್ನೆ ಎಲ್ಲ ನೋಡಿ ಅರ್ಥ ಮಾಡ್ಕೊಳ್ತಿದ್ದ. ಕಂಪ್ಯೂಟರ್ ಹಾಗಲ್ಲ, ಅದಕ್ಕೆ ಹೋಲಿಸೋಕೆ ನಂಬರ್ ಬೇಕು.

ಅದಕ್ಕೂ ವ್ಯವಸ್ಥೆ ಮಾಡಿಟ್ಟಿದ್ರು ಅನ್ನೋದೇ ಇಲ್ಲಿ ಸ್ವಾರಸ್ಯ. 1960ರ ದಶಕದ ಕೊನೇಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಮ್ ಅನ್ನೋ ಪ್ರೋಗ್ರಾಮರ್ ನೇತೃತ್ವದಲ್ಲಿ ಮಾರ್ಕ್ ಅನ್ನೋ ಫಾರ್ಮ್ಯಾಟ್ ತಯಾರಾಯ್ತು, ಇವತ್ತಿಗೂ ಜಗತ್ತಿನ ಲೈಬ್ರರಿಗಳು ರೆಕಾರ್ಡ್ ಇಡೋದು ಬಹುತೇಕ ಅದರಲ್ಲೇ. ಅದರಲ್ಲಿ 008 ಅಂತ ನಲವತ್ತು ಅಕ್ಷರದ ಒಂದು ಫೀಲ್ಡ್ ಇದೆ. ಅದರೊಳಗೆ ಒಂದು ಅಕ್ಷರ ‘ಇದು ಎಂಥ ಇಸವಿ’ ಅಂತ ಹೇಳೋದಕ್ಕೆ, ಆಮೇಲೆ ನಾಲ್ಕು ಅಕ್ಷರ ಮೊದಲನೇ ಇಸವಿಗೆ, ಇನ್ನೊಂದು ನಾಲ್ಕು ಎರಡನೇ ಇಸವಿಗೆ. ಒಂದೇ ಖಚಿತ ಇಸವಿ ಇದ್ರೆ ‘ಎಸ್’, ಅನುಮಾನ ಇದ್ರೆ ‘ಕ್ಯೂ’ ಅಂತ ಹಾಕಿ ಅತಿ ಹಿಂದಿನದು ಮತ್ತು ಅತಿ ಇತ್ತೀಚಿನದು ಎರಡೂ ಕೊಡ್ಬಹುದು, ಮರುಮುದ್ರಣ ಆದ್ರೆ ‘ಆರ್’, ಇಸವಿ ಗೊತ್ತೇ ಇಲ್ಲ ಅಂದ್ರೆ ‘ಎನ್’. ಗೊತ್ತಿಲ್ಲದ ಅಂಕಿ ಜಾಗಕ್ಕೆ ‘ಯು’ ಅಕ್ಷರ, ಅಂದ್ರೆ 192ಯು, 19ಯುಯು ಹೀಗೆ. ಐವತ್ತು ವರ್ಷಕ್ಕೂ ಹಿಂದೆನೇ ಅನುಮಾನಕ್ಕೂ ಒಂದು ಜಾಗ ಕೊಟ್ಟಿದ್ರು.

ತಪ್ಪಾಗೋದು ಸರ್ಚ್ ಇಂಡೆಕ್ಸ್, ಅಂದ್ರೆ ಬೇಗ ಹುಡುಕೋದಕ್ಕೆ ಅಂತ ಕಂಪ್ಯೂಟರ್ ಮಾಡ್ಕೊಳ್ಳೋ ಪಟ್ಟಿ, ಮಾಡೋ ಹಂತದಲ್ಲಿ. ತುಂಬ ಸಾಫ್ಟ್‌ವೇರ್ ಸೆಟಪ್‌ಗಳು ಆ ಮೊದಲ ನಾಲ್ಕು ಅಕ್ಷರ ಮಾತ್ರ ತಗೊಂಡು ಉಳಿದಿದ್ದನ್ನ ಬಿಟ್ಟುಬಿಡ್ತವೆ. ಆ ನಾಲ್ಕು ಅಕ್ಷರನ ಬರೀ ಪಠ್ಯ ಅಂತ ಹೋಲಿಸಿದ್ರೆ ಏನಾಗತ್ತೆ ನೋಡಿ: ಕಂಪ್ಯೂಟರ್‌ಗೆ ಇಂಗ್ಲಿಷ್ ಅಕ್ಷರಗಳು ಎಲ್ಲ ಅಂಕಿಗಳಿಗಿಂತ ದೊಡ್ಡವು, ಹಾಗಾಗಿ 192ಯು ಅನ್ನೋದು 1929ಕ್ಕಿಂತ ಮುಂದೆ, 1930ಕ್ಕಿಂತ ಹಿಂದೆ ಹೋಗಿ ಕೂರತ್ತೆ. 1920ರಿಂದ 1930 ಅಂತ ಹುಡುಕಿದ್ರೆ ಸಿಗತ್ತೆ, 1920ರಿಂದ 1925 ಅಂತ ಹುಡುಕಿದ್ರೆ ಸಿಗಲ್ಲ, 1925ರಿಂದ 1929 ಅಂತ ಹುಡುಕಿದ್ರೂ ಸಿಗಲ್ಲ. ಓದುಗರಿಗೆ ಇದು ಯಾಕೆ ಅಂತ ಯಾವತ್ತೂ ಗೊತ್ತಾಗಲ್ಲ. 19ಯುಯು ಅಂತೂ 1999 ಆದ್ಮೇಲೆ ಬರತ್ತೆ, ಅಂದ್ರೆ ಹಳೆ ಪುಸ್ತಕಗಳ ಪೈಕಿ ತೀರಾ ಅಸ್ಪಷ್ಟವಾದವು ತೀರಾ ಹೊಸ ಪುಸ್ತಕದ ಪಕ್ಕ ಹೋಗಿ ನಿಲ್ತವೆ. ಕೆಲವ್ರು ಇದನ್ನ ಸರಿ ಮಾಡ್ತೀವಿ ಅಂತ ಯು ಇದ್ದ ಕಡೆ ಸೊನ್ನೆ ಹಾಕ್ತಾರೆ, ಆಗ 19ಯುಯು ಎಲ್ಲ 1900 ಆಗಿಬಿಡ್ತವೆ, ಆ ಒಂದೇ ವರ್ಷ ರಾಶಿ ರಾಶಿ ಪುಸ್ತಕ ಅಚ್ಚಾಗಿತ್ತೇನೋ ಅನ್ನೋ ಹಾಗೆ ಕಾಣತ್ತೆ.

ಇದಕ್ಕಿಂತ ಕೆಟ್ಟದ್ದು ಇಸವಿನ ತಾರೀಖು ಮಾಡೋದು. ಡೇಟಾಬೇಸ್‌ನಲ್ಲಿ ಡೇಟ್ ಅನ್ನೋ ಟೈಪ್‌ಗೆ ವರ್ಷ, ತಿಂಗಳು, ದಿನ ಮೂರೂ ಬೇಕು, ಬರೀ 1920 ಕೊಟ್ರೆ ಹೊಟ್ಟೆ ತುಂಬಲ್ಲ, ಹಾಗಾಗಿ ಅದನ್ನ 1920 ಜನವರಿ 1 ಅಂತ ಮಾಡಿಡ್ತಾರೆ. ಪುಸ್ತಕ ಎಲ್ಲೂ ಹೇಳದೇ ಇರೋ ತಿಂಗಳು ದಿನ ಹುಟ್ಕೊಂಡಾಯ್ತು. ಆಮೇಲೆ ಸರ್ವರ್ ಅದನ್ನ ಭಾರತದ ಸಮಯದ ಮಧ್ಯರಾತ್ರಿ ಅಂತ ತಿಳ್ಕೊಂಡು ಅಂತರರಾಷ್ಟ್ರೀಯ ಸಮಯಕ್ಕೆ ಬದಲಾಯಿಸಿದ್ರೆ ಐದೂವರೆ ಗಂಟೆ ಹಿಂದಕ್ಕೆ ಹೋಗಿ 1919 ಡಿಸೆಂಬರ್ 31, ಸಂಜೆ ಆರೂವರೆ ಆಗತ್ತೆ. ಸ್ಕ್ರೀನ್ ಮೇಲೆ ವರ್ಷ ಮಾತ್ರ ತೋರಿಸ್ತಾರೆ, 1919. ಟೈಟಲ್ ಪೇಜ್‌ನಲ್ಲಿ ಕಣ್ಣಿಗೆ ಹೊಡೆಯೋ ಹಾಗೆ 1920 ಅಂತ ಅಚ್ಚಾಗಿರೋ ಪುಸ್ತಕಕ್ಕೂ ಹೀಗೆ ಆಗಬಹುದು. ಎಕ್ಸೆಲ್‌ನಲ್ಲಿ ಲಿಸ್ಟ್ ಮಾಡೋವ್ರಿಗೆ ಇನ್ನೊಂದು: ಕಿಟೆಲ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಂದ ಬಂದಿದ್ದು 1894ರಲ್ಲಿ, ಆ 1894ನ್ನ ಡೇಟ್ ಫಾರ್ಮ್ಯಾಟ್ ಇರೋ ಸೆಲ್‌ನಲ್ಲಿ ಟೈಪ್ ಮಾಡಿದ್ರೆ ಎಕ್ಸೆಲ್ ಅದನ್ನ 1900ರಿಂದ ಎಣಿಸಿದ 1894ನೇ ದಿನ ಅಂತ ತಗೊಂಡು 1905 ಮಾರ್ಚ್ 8 ಅಂತ ತೋರ್ಸತ್ತೆ. ಇಸವಿ ಕಾಲಂನ ಯಾವಾಗ್ಲೂ ಟೆಕ್ಸ್ಟ್ ಫಾರ್ಮ್ಯಾಟ್‌ನಲ್ಲೇ ಇಡಿ ಅನ್ನೋದು ಇದಕ್ಕೇ. ಹಾಗೇ ಖಾಲಿ ಬಿಟ್ಟ ಇಸವಿ ಕೆಲವು ಪ್ರೋಗ್ರಾಂಗಳಲ್ಲಿ ಸೊನ್ನೆ ಆಗಿ, ಸೊನ್ನೆ ಅಂದ್ರೆ ಕಂಪ್ಯೂಟರ್ ಲೆಕ್ಕದಲ್ಲಿ 1970 ಜನವರಿ 1 ಆಗಿ, ತಾಳೆಗರಿ ಗ್ರಂಥಕ್ಕೂ 1970 ಅಂತ ಬರೋದುಂಟು.

ಹಾಗಾದ್ರೆ ಏನ್ ಮಾಡ್ಬೇಕು? ಮೂಲ ಉಪಾಯ ತುಂಬ ಸರಳ. ಪ್ರತಿ ಪುಸ್ತಕಕ್ಕೆ ಒಂದು ಇಸವಿ ಬದಲು ಎರಡು ನಂಬರ್ ಇಡಿ, ಇದಕ್ಕಿಂತ ಹಿಂದೆ ಸಾಧ್ಯವೇ ಇಲ್ಲ ಅನ್ನೋದು ಒಂದು, ಇದಕ್ಕಿಂತ ಈಚೆ ಸಾಧ್ಯವೇ ಇಲ್ಲ ಅನ್ನೋದು ಇನ್ನೊಂದು. ಜೊತೆಗೆ ಕ್ಯಾಟಲಾಗರ್ ಬರೆದ ಮೂಲ ಮಾತನ್ನ, ಬ್ರಾಕೆಟ್ ಪ್ರಶ್ನೆ ಚಿಹ್ನೆ ಸಮೇತ, ಒಂದಕ್ಷರ ಮುಟ್ಟದೆ ಬೇರೆ ಕಾಲಂನಲ್ಲಿ ಇಡಿ, ಓದುಗರಿಗೆ ತೋರಿಸೋದು ಅದನ್ನ, ಹುಡುಕೋದು ಆ ಎರಡು ನಂಬರ್‌ನಲ್ಲಿ. ಖಚಿತವಾಗಿ 1924 ಆದ್ರೆ ಎರಡೂ 1924, [192-] ಆದ್ರೆ 1920 ಮತ್ತು 1929. ಶತಮಾನದ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು: [18--] ಅಂದ್ರೆ 1800ರಿಂದ 1899, ಆದ್ರೆ ‘19ನೇ ಶತಮಾನ’ ಅಂತ ಬರೆದಿದ್ರೆ 1801ರಿಂದ 1900, ಒಂದು ವರ್ಷದ ವ್ಯತ್ಯಾಸ ಇದೆ.

ಇಷ್ಟಾದ್ಮೇಲೆ ಸರ್ಚ್ ಕೇಳೋ ಪ್ರಶ್ನೆನೂ ಬದಲಾಗ್ಬೇಕು. ‘ಈ ಪುಸ್ತಕದ ಇಸವಿ 1920-1930ರ ಒಳಗಿದೆಯಾ’ ಅಂತ ಕೇಳೋ ಬದಲು ‘ಇದು ಆ ಅವಧಿಯದ್ದು ಆಗಿರೋಕೆ ಸಾಧ್ಯ ಇದೆಯಾ’ ಅಂತ ಕೇಳ್ಬೇಕು. ಲೆಕ್ಕ ಎರಡೇ ಷರತ್ತು: ಪುಸ್ತಕದ ಅತಿ ಹಿಂದಿನ ವರ್ಷ 1930 ದಾಟಿರಬಾರದು, ಅತಿ ಈಚಿನ ವರ್ಷ 1920ಕ್ಕಿಂತ ಹಿಂದೆ ಇರಬಾರದು. ಎರಡೂ ಸರಿ ಇದ್ರೆ ಅವಧಿಗಳು ಒಂದರ ಮೇಲೊಂದು ಬೀಳ್ತವೆ, ಪುಸ್ತಕ ಲಿಸ್ಟ್‌ಗೆ ಬರತ್ತೆ.

ಉದಾಹರಣೆ ಇಟ್ಕೊಂಡು ನೋಡೋಣ, ಹುಡುಕಾಟ 1920ರಿಂದ 1930. ಖಚಿತ 1924 ಅಂತ ಇರೋ ಪುಸ್ತಕ ಬರತ್ತೆ, ಅದರಲ್ಲಿ ಮಾತೇ ಇಲ್ಲ. [192-] ಇರೋ ಪುಸ್ತಕದ ವರ್ಷ ನಮಗೆ ಗೊತ್ತಿಲ್ಲ, ಆದ್ರೂ ಅದರ ಹತ್ತೂ ವರ್ಷ ನಾವು ಕೇಳಿದ ಅವಧಿಯ ಒಳಗೇ ಇರೋದ್ರಿಂದ ಈ ಪ್ರಶ್ನೆಗೆ ಅದೂ ಖಚಿತ ಉತ್ತರವೇ, ಇದನ್ನ ತುಂಬ ಜನ ಗಮನಿಸಲ್ಲ. ಪುಸ್ತಕದ ಬಗ್ಗೆ ಅನುಮಾನ ಇದ್ರೂ ಕೇಳಿದ ಪ್ರಶ್ನೆ ಬಗ್ಗೆ ಅನುಮಾನ ಇರ್ಬೇಕು ಅಂತೇನಿಲ್ಲ. [ಸು. 1918] ಅಂತ ಇರೋದಕ್ಕೆ ಆಚೀಚೆ ಐದು ವರ್ಷ ಕೊಟ್ರೆ 1913ರಿಂದ 1923, ಅಂದ್ರೆ ಹನ್ನೊಂದು ವರ್ಷದಲ್ಲಿ ನಾಲ್ಕು ನಮ್ಮ ಅವಧಿಗೆ ಬೀಳ್ತವೆ, ಇರಬಹುದು. [19--] ಆದ್ರೆ ನೂರು ವರ್ಷದಲ್ಲಿ ಹನ್ನೊಂದು, ಇರಬಹುದು ಆದ್ರೆ ಸಾಧ್ಯತೆ ಕಮ್ಮಿ. ಹೀಗೆ ‘ಖಂಡಿತ ಹೌದು’, ‘ಇರಬಹುದು’ ಅಂತ ಎರಡು ಗುಂಪು ಮಾಡಿ, ಎರಡನೇ ಗುಂಪಲ್ಲಿ ಹೆಚ್ಚು ಪಾಲು ಒಳಗೆ ಬೀಳೋವು ಮೇಲೆ, ಕಮ್ಮಿ ಬೀಳೋವು ಕೆಳಗೆ ಬರೋ ಹಾಗೆ ಜೋಡಿಸಿದ್ರೆ ಯಾವ ಪುಸ್ತಕವೂ ಕಾಣೆಯಾಗಲ್ಲ, ಲಿಸ್ಟ್ ಗಲೀಜೂ ಆಗಲ್ಲ. ಇಸವಿ ಏನೇನೂ ಗೊತ್ತಿಲ್ಲದವಕ್ಕೆ ಫಿಲ್ಟರ್ ಕೆಳಗೆ ಒಂದು ಚೆಕ್‌ಬಾಕ್ಸ್, ‘ಇಸವಿ ಗೊತ್ತಿಲ್ಲದ ಪುಸ್ತಕಗಳನ್ನೂ ಸೇರಿಸಿ’, ಪಕ್ಕದಲ್ಲಿ ಅವು ಎಷ್ಟಿವೆ ಅನ್ನೋ ಸಂಖ್ಯೆ. ಆ ಸಂಖ್ಯೆ ಕಾಣ್ಲೇಬೇಕು, ಇಲ್ದಿದ್ರೆ ಅಂಥವು ಇವೆ ಅಂತಾನೇ ಯಾರಿಗೂ ಹೊಳೆಯಲ್ಲ.

‘ಸುಮಾರು’ ಅಂದ್ರೆ ಎಷ್ಟು ವರ್ಷ ಆಚೀಚೆ ಅನ್ನೋದಕ್ಕೆ ಯಾವ ನಿಯಮ ಪುಸ್ತಕವೂ ಒಂದೇ ಅಳತೆ ಕೊಡಲ್ಲ, ಅದನ್ನ ಆಯಾ ಲೈಬ್ರರಿನೇ ತೀರ್ಮಾನ ಮಾಡಿ ಬರೆದಿಡ್ಬೇಕು. ಎಲ್ಲ ಕಾಲಕ್ಕೂ ಒಂದೇ ಅಳತೆ ಹಾಕೋದು ಸರಿಯಲ್ಲ. ‘ಸುಮಾರು 1920’ ಅಂದ್ರೆ ಐದು ವರ್ಷ ಸಾಕು. ಹಲ್ಮಿಡಿ ಶಾಸನಕ್ಕೆ ‘ಸುಮಾರು ಕ್ರಿ.ಶ. 450’ ಅಂತೀವಲ್ಲ, ಆ ಕಲ್ಲಲ್ಲಿ ಕಾಲ ಬರೆದಿಲ್ಲ, ಲಿಪಿ ನೋಡಿ, ಅದರಲ್ಲಿ ಬರೋ ಕದಂಬ ರಾಜನ ಹೆಸರು ನೋಡಿ ವಿದ್ವಾಂಸರು ಹೇಳಿದ್ದು ಅದು, ಅವರಲ್ಲೂ ಒಮ್ಮತ ಇಲ್ಲ. ಅಲ್ಲಿ ಐದು ವರ್ಷ ಅನ್ನೋದಕ್ಕೆ ಅರ್ಥವೇ ಇಲ್ಲ, ಕನಿಷ್ಠ ಐವತ್ತಾದ್ರೂ ಬೇಕು.

ಈಗ ಇದನ್ನೆಲ್ಲ ಬರೆಯೋದಕ್ಕೆ ಒಂದು ಒಪ್ಪಿತ ಭಾಷೆ ಇದೆ, ಇಡಿಟಿಎಫ್ ಅಂತ. ಲೈಬ್ರರಿ ಆಫ್ ಕಾಂಗ್ರೆಸ್ ಮುಂದೆ ನಿಂತು ಬೆಳೆಸಿದ್ದು, 2019ರಲ್ಲಿ ತಾರೀಖು ಬರೆಯೋ ರೀತಿಗೆ ಇರೋ ಐಎಸ್‌ಒ 8601ರ ಎರಡನೇ ಭಾಗದಲ್ಲಿ ಸೇರ್ಕೊಂಡು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಆಯ್ತು. ಇದರಲ್ಲಿ ಗೊತ್ತಿಲ್ಲದ ಅಂಕಿಗೆ ಎಕ್ಸ್ ಅಕ್ಷರ, ಅಂದ್ರೆ 192ಎಕ್ಸ್. ಅವಧಿಗೆ ಓರೆಗೆರೆ, 1920/1924. ಅನುಮಾನಕ್ಕೆ ಪ್ರಶ್ನೆ ಚಿಹ್ನೆ, 1924?. ಅಂದಾಜಿಗೆ ಅಲೆ ಚಿಹ್ನೆ, 1924~. ಎರಡೂ ಸೇರಿದ್ರೆ ಶೇಕಡಾ ಚಿಹ್ನೆ, 1924%. ಈ ಪ್ರಶ್ನೆ ಚಿಹ್ನೆ ಮತ್ತು ಅಲೆ ಚಿಹ್ನೆ ಎರಡನ್ನೂ ಒಂದೇ ಅಂತ ತಿಳ್ಕೊಳ್ಳೋವ್ರು ಬಹಳ, ಆದ್ರೆ ಸರ್ಚ್‌ಗೆ ಇವುಗಳ ವ್ಯತ್ಯಾಸ ಮುಖ್ಯ. ಅಲೆ ಅಂದ್ರೆ ನಿಜವಾದ ವರ್ಷ ಅದರ ಹತ್ತಿರದಲ್ಲೇ ಇದೆ, ಹಾಗಾಗಿ ಅವಧಿನ ಆಚೀಚೆ ಹಿಗ್ಗಿಸ್ಬೇಕು. ಪ್ರಶ್ನೆ ಚಿಹ್ನೆ ಅಂದ್ರೆ ಮೂಲವೇ ನಂಬೋಕೆ ಕಷ್ಟ, ಉದಾಹರಣೆಗೆ ಯಾರೋ ಪೆನ್ಸಿಲ್‌ನಲ್ಲಿ ಒಳಪುಟದ ಮೇಲೆ ಗೀಚಿದ 1924, ಅದು ಸರಿ ಇದ್ರೆ ಪೂರ್ತಿ ಸರಿ, ತಪ್ಪಿದ್ರೆ ಮೂವತ್ತು ವರ್ಷ ತಪ್ಪಬಹುದು, ಅಲ್ಲಿ ಎರಡು ವರ್ಷ ಹಿಗ್ಗಿಸಿ ಪ್ರಯೋಜನ ಇಲ್ಲ. ಅದನ್ನ 1924 ಅಂತಲೇ ಹುಡುಕಾಟಕ್ಕೆ ಇಟ್ಟು ರಿಸಲ್ಟ್ ಪಕ್ಕದಲ್ಲಿ ಅನುಮಾನದ ಗುರುತು ತೋರಿಸೋದು ಸರಿ.

ಇಲ್ಲಿವರೆಗೆ ಹೇಳಿದ್ದು ಯಾವ ದೇಶದ ಲೈಬ್ರರಿಗೂ ಆಗತ್ತೆ. ಕನ್ನಡದ ಹಳೇ ಪುಸ್ತಕ ಮತ್ತು ಹಸ್ತಪ್ರತಿಗೆ ಬಂದ್ರೆ ಕಥೆ ಬೇರೆ, ಯಾಕಂದ್ರೆ ನಮ್ಮಲ್ಲಿ ಕಾಲ ಬರೆಯೋದೇ ಶಕ ವರ್ಷ ಮತ್ತು ಸಂವತ್ಸರದಲ್ಲಿ. ಶಾಲಿವಾಹನ ಶಕಕ್ಕೆ 78 ಕೂಡಿಸಿದ್ರೆ ಕ್ರಿಸ್ತಶಕ ಅಂತ ಎಲ್ರಿಗೂ ಗೊತ್ತು, ಆದ್ರೆ ಶಕ ವರ್ಷ ಶುರುವಾಗೋದು ಯುಗಾದಿಗೆ, ಹಾಗಾಗಿ ಶಕ 1800 ಅಂದ್ರೆ 1878ರ ಯುಗಾದಿಯಿಂದ 1879ರ ಯುಗಾದಿವರೆಗೆ. ಪುಸ್ತಕದಲ್ಲಿ ಶಕ ವರ್ಷ ಸ್ಪಷ್ಟವಾಗಿ ಅಚ್ಚಾಗಿದ್ರೂ ನಮ್ಮ ಲೆಕ್ಕಕ್ಕೆ ಅದು 1878/1879 ಅನ್ನೋ ಅವಧಿಯೇ. ತಿಂಗಳು ಇದ್ರೆ ಒಂದೇ ವರ್ಷಕ್ಕೆ ಇಳಿಸಬಹುದು, ಶ್ರಾವಣ ಅಂತ ಇದ್ರೆ 1878, ಮಾಘ ಅಂತ ಇದ್ರೆ ಹೆಚ್ಚಾಗಿ 1879. ಶಾಸನಗಳಲ್ಲಿ ಪೂರ್ತಿ ಮುಗಿದ ವರ್ಷಗಳನ್ನ ಮಾತ್ರ ಎಣಿಸಿದ್ದಾರಾ, ನಡೀತಿರೋ ವರ್ಷನೂ ಸೇರಿಸಿದ್ದಾರಾ ಅನ್ನೋದರ ಮೇಲೆ ಇನ್ನೊಂದು ವರ್ಷ ಆಚೀಚೆ ಆಗೋದುಂಟು.

ಸಂವತ್ಸರ ಇನ್ನೂ ಕುತೂಹಲದ್ದು. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರು, ಮುಗಿದ ಮೇಲೆ ಮತ್ತೆ ಮೊದಲಿಂದ. ಮುನ್ನುಡಿ ಕೆಳಗೆ ‘ರಕ್ತಾಕ್ಷಿ ಸಂವತ್ಸರದ ವಿಜಯದಶಮಿ’ ಅಂತ ಮಾತ್ರ ಇದ್ರೆ ಅದು 1864 ಆಗಬಹುದು, 1924 ಆಗಬಹುದು, 1984 ಆಗಬಹುದು, ಆದ್ರೆ ನಡುವಿನ ಯಾವ ವರ್ಷವೂ ಅಲ್ಲ. ಇಲ್ಲಿ ಎರಡು ನಂಬರ್ ಉಪಾಯ ಸೋಲತ್ತೆ ನೋಡಿ. ಅತಿ ಹಿಂದಿನದು 1864, ಅತಿ ಈಚಿನದು 1984 ಅಂತ ಇಟ್ರೆ 1890ರ ದಶಕ ಹುಡುಕಿದವ್ರಿಗೂ ಈ ಪುಸ್ತಕ ಬರತ್ತೆ, ಅದು ಖಂಡಿತ ಸುಳ್ಳು. ‘ಸುಮಾರು’ ಅಂತ ಬರೆದ್ರೂ ಸುಳ್ಳು. ಇದಕ್ಕೆ ಇಡಿಟಿಎಫ್‌ನ ಮೇಲಿನ ಹಂತದಲ್ಲಿ ಗುಂಪು ಅಂತ ಇದೆ, ಚೌಕ ಬ್ರಾಕೆಟ್ ಒಳಗೆ [1864,1924,1984] ಅಂತ ಬರೆದ್ರೆ ‘ಇವುಗಳಲ್ಲಿ ಯಾವುದೋ ಒಂದು’ ಅಂತ ಅರ್ಥ. ಹಳೇ ಕ್ಯಾಟಲಾಗ್ ಬ್ರಾಕೆಟ್‌ಗೂ ಇದಕ್ಕೂ ಗೊಂದಲ ಮಾಡ್ಕೋಬೇಡಿ. ಇಂಡೆಕ್ಸ್‌ನಲ್ಲಿ ಒಂದು ಪುಸ್ತಕಕ್ಕೆ ಒಂದೇ ಅವಧಿ ಅನ್ನೋದರ ಬದಲು ಎಷ್ಟು ಬೇಕಾದ್ರೂ ಸಣ್ಣ ಸಣ್ಣ ಅವಧಿ ಇಡೋಕೆ ಅವಕಾಶ ಮಾಡಿಕೊಂಡ್ರೆ ಸರ್ಚ್‌ನಲ್ಲೂ ಇದು ಸರಿಯಾಗಿ ಕೆಲಸ ಮಾಡತ್ತೆ. ಕನ್ನಡ ಸಂಗ್ರಹ ಇಟ್ಕೊಂಡಿರೋ ಯಾರೇ ಸಾಫ್ಟ್‌ವೇರ್ ಮಾಡ್ಸಿದ್ರೂ ಈ ಒಂದು ವಿಷಯನ ಮೊದಲೇ ಕೇಳ್ಬೇಕು, ಆಮೇಲೆ ಸೇರಿಸೋದು ಕಷ್ಟ.

ಅರವತ್ತು ವರ್ಷದ ಅಂತರ ಇರೋದ್ರಿಂದ ಬೇರೆ ಒಂದು ಸುಳಿವು ಸಿಕ್ಕಿದ್ರೂ ಸಂವತ್ಸರ ಬಹಳ ಖಚಿತವಾಗಿಬಿಡತ್ತೆ. ಪಂಪ ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನು ಅಂತ ಹೇಳ್ಕೊಂಡಿದ್ದಾನೆ, ಅಷ್ಟೇ ಇದ್ರೆ 842, 902, 962 ಯಾವುದೂ ಆಗಬಹುದಿತ್ತು. ಆದ್ರೆ ಆದಿಪುರಾಣ ಶಕ 863, ಪ್ಲವ ಸಂವತ್ಸರದಲ್ಲಿ ಆಯ್ತು ಅಂತ ಅವನೇ ಹೇಳ್ತಾನೆ, ಅದು 941. ಅಂದ್ರೆ 962 ಸಾಧ್ಯವೇ ಇಲ್ಲ, 842 ಆದ್ರೆ ಆ ಹೊತ್ತಿಗೆ ತೊಂಬತ್ತೊಂಬತ್ತು ವಯಸ್ಸು ಆಗಿರ್ಬೇಕು, ಉಳಿಯೋದು 902. ಹಸ್ತಪ್ರತಿಗಳ ಕೊನೇಲಿ ಲಿಪಿಕಾರ ಸಂವತ್ಸರದ ಜೊತೆ ಮಾಸ, ಪಕ್ಷ, ತಿಥಿ, ವಾರ ಎಲ್ಲ ಬರೆದಿರ್ತಾನೆ, ಆ ತಿಥಿ ಆ ವಾರ ಯಾವ ವರ್ಷದಲ್ಲಿ ಒಟ್ಟಿಗೆ ಬರತ್ತೆ ಅಂತ ಪಂಚಾಂಗ ಲೆಕ್ಕ ಹಾಕಿದ್ರೆ ಎಷ್ಟೋ ಸಲ ಒಂದೇ ಉತ್ತರ ಉಳಿಯತ್ತೆ. ಒಂದು ಎಚ್ಚರಿಕೆ, ಉತ್ತರ ಭಾರತದ ಸಂವತ್ಸರ ಚಕ್ರ ನಮ್ಮದರ ಜೊತೆ ಹೊಂದಲ್ಲ, ಅದೇ ವರ್ಷಕ್ಕೆ ಅಲ್ಲಿ ಬೇರೆ ಹೆಸರು ಇರತ್ತೆ. ಕಾಶಿಯಲ್ಲಿ ಅಚ್ಚಾದ ಸಂಸ್ಕೃತ ಪುಸ್ತಕಕ್ಕೆ ನಮ್ಮ ಟೇಬಲ್ ಹಾಕಿದ್ರೆ ತಪ್ಪು ವರ್ಷ ಬರತ್ತೆ.

ಅಚ್ಚಾದ ಪುಸ್ತಕದಲ್ಲಿ ಸಂವತ್ಸರವೂ ಇಲ್ಲ ಅಂದ್ರೆ? ಆಗ್ಲೂ ಪುಸ್ತಕ ಪೂರ್ತಿ ಮೂಕ ಅಲ್ಲ. ಬೆಲೆ ನೋಡಿ. ‘0-8-0’ ಅಂತಲೋ ‘ಎಂಟಾಣೆ’ ಅಂತಲೋ ಇದ್ರೆ ಅದು 1957ರ ಏಪ್ರಿಲ್ 1ಕ್ಕಿಂತ ಹಿಂದಿನದು ಅಥವಾ ಅಬ್ಬಬ್ಬಾ ಅಂದ್ರೆ ಅದರ ಬೆನ್ನಿಗೇ ಬಂದದ್ದು, ಯಾಕಂದ್ರೆ ಅವತ್ತಿಂದ ದಶಮಾಂಶ ನಾಣ್ಯ ಬಂತು. ‘ನಯಾ ಪೈಸೆ’ ಅಂತ ಇದ್ರೆ ಇನ್ನೂ ಒಳ್ಳೇದು, ಆ ‘ನಯಾ’ 1964ರ ಜೂನ್‌ನಲ್ಲಿ ಹೋಯ್ತು, ಹಾಗಾಗಿ ಏಳೆಂಟು ವರ್ಷದ ಅವಧಿ ಸಿಕ್ಕಿಬಿಡ್ತು. ಪ್ರಕಾಶಕರ ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ರೆ 1972ರ ಆಗಸ್ಟ್ 15ರ ಈಚಿನದು. ‘ಮೈಸೂರು ರಾಜ್ಯ’ ಅಂತ ಇದ್ರೆ ಬಹುತೇಕ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಹದಿಮೂರು ಅಂಕಿಯ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಮಾತ್ರ ಇದ್ರೆ 2007ರ ಆಸುಪಾಸು ಅಥವಾ ಆಮೇಲಿನದು. ಲೈಬ್ರರಿಯ ಅಕ್ಸೆಷನ್ ಸೀಲ್, ಅಂದ್ರೆ ಪುಸ್ತಕ ಲೈಬ್ರರಿಗೆ ಸೇರಿದಾಗ ಹಾಕೋ ಮುದ್ರೆ, ಎಲ್ಲಕ್ಕಿಂತ ಗಟ್ಟಿ, 1931ರ ಸೀಲ್ ಇದ್ರೆ ಅದಾದ ಮೇಲೆ ಅಚ್ಚಾಗಿರೋಕೆ ಸಾಧ್ಯವೇ ಇಲ್ಲ. ಮೇಲೆ ಹೇಳಿದ ರಕ್ತಾಕ್ಷಿ ಮುನ್ನುಡಿಯ ಪುಸ್ತಕದಲ್ಲೇ ಈ ಸೀಲ್ ಇದ್ದು, ಬರೆದವ್ರು 1864ರಲ್ಲಿ ಹುಟ್ಟೇ ಇರ್ಲಿಲ್ಲ ಅಂತ ಗೊತ್ತಾದ್ರೆ, ಮುನ್ನುಡಿ 1924ರ ದಸರಾದ್ದು ಅನ್ನೋದು ತೀರ್ಮಾನ ಆಯ್ತು, ಪುಸ್ತಕ 1924 ಮತ್ತು 1931ರ ನಡುವೆ, ಬಹುಶಃ 1924ರಲ್ಲೋ 1925ರಲ್ಲೋ ಹೊರಗೆ ಬಂತು.

ಇಂಥ ಸುಳಿವು ಯಾವುದರಿಂದ ಬಂತು ಅನ್ನೋದನ್ನ ರೆಕಾರ್ಡ್‌ನಲ್ಲಿ ಒಂದು ಸಾಲು ಬರೆದಿಡಿ, ‘ಬೆಲೆ ಆಣೆಯಲ್ಲಿದೆ, ಸೀಲ್ 1931’ ಅಂತ. ಬೆಲೆ ಚೀಟಿ ಆಮೇಲೆ ಅಂಟಿಸಿದ್ದಿರಬಹುದು, ಹೊಸ ರಕ್ಷಾಪುಟ ಹಾಕಿರಬಹುದು, ಹತ್ತು ವರ್ಷ ಆದ್ಮೇಲೆ ಇನ್ನೊಬ್ರು ನೋಡಿ ತಿದ್ದೋಕೆ ನಮ್ಮ ಕಾರಣ ಅವರಿಗೆ ಸಿಗ್ಬೇಕು.

ಕನ್ನಡ ಅಂಕಿ ಬಗ್ಗೆನೂ ಒಂದು ಮಾತು. ಟೈಟಲ್ ಪೇಜ್‌ನಲ್ಲಿ ೧೯೨೪ ಅಂತ ಇದ್ರೆ ಅದನ್ನ ಹಾಗೇ ಟೈಪ್ ಮಾಡಿ ಇಂಡೆಕ್ಸ್‌ಗೆ ಬಿಟ್ರೆ 1924 ಹುಡುಕಿದವ್ರಿಗೆ ಸಿಗಲ್ಲ, ತೋರಿಸೋ ಕಾಲಂನಲ್ಲಿ ಕನ್ನಡ ಅಂಕಿ ಇರ್ಲಿ, ಹುಡುಕೋ ಕಾಲಂನಲ್ಲಿ ಬದಲಾಯಿಸಿ ಇಡಿ. ಒಸಿಆರ್‌ನಿಂದ, ಅಂದ್ರೆ ಸ್ಕ್ಯಾನ್ ಚಿತ್ರದಿಂದ ಅಕ್ಷರ ಓದೋ ಸಾಫ್ಟ್‌ವೇರ್‌ನಿಂದ, ತೆಗೆದ ಇಸವಿನ ಕಣ್ಣಾರೆ ನೋಡ್ದೆ ನಂಬ್ಬೇಡಿ, ಮಸುಕಾದ ಅಚ್ಚಲ್ಲಿ ೬ ಮತ್ತು ೯ ಅದಲು ಬದಲಾಗ್ತವೆ, ೦ ಅನ್ನೋದು ಅನುಸ್ವಾರ ಆಗತ್ತೆ.

ಇಷ್ಟೆಲ್ಲ ಮಾಡಿದ್ರೂ ಇದು ಯಾವುದರ ಇಸವಿ ಅನ್ನೋ ಪ್ರಶ್ನೆ ಉಳಿಯತ್ತೆ. ಕುಮಾರವ್ಯಾಸ ಭಾರತದ ಒಂದು ತಾಳೆಗರಿ ಪ್ರತಿ ತಗೊಳ್ಳಿ, ಕೃತಿ 15ನೇ ಶತಮಾನದ್ದು ಅಂತಾರೆ, ಆ ಪ್ರತಿ ಎತ್ತಿ ಬರೆದಿದ್ದು ಮುನ್ನೂರು ವರ್ಷ ಆದ್ಮೇಲೆ ಇರಬಹುದು, ಸ್ಕ್ಯಾನ್ ಮಾಡಿದ್ದು ಮೊನ್ನೆ ಮೊನ್ನೆ. ಮೂರಕ್ಕೂ ಬೇರೆ ಬೇರೆ ಅವಧಿ, ಬೇರೆ ಬೇರೆ ಮಟ್ಟದ ಅನುಮಾನ. ಒಂದೇ ‘ಡೇಟ್’ ಕಾಲಂ ಇದ್ರೆ ಯಾವುದಾದ್ರೂ ಒಂದು ಇನ್ನೆರಡನ್ನ ನುಂಗತ್ತೆ, ಹೆಚ್ಚಾಗಿ ಗೆಲ್ಲೋದು ಸ್ಕ್ಯಾನ್ ಮಾಡಿದ ತಾರೀಖು, ಯಾಕಂದ್ರೆ ಅದನ್ನ ಕಂಪ್ಯೂಟರ್ ತಾನಾಗೇ ತುಂಬ್ಸತ್ತೆ. ಮರುಮುದ್ರಣಕ್ಕೂ ಇದೇ ಮಾತು, 1968ರ ಮರುಮುದ್ರಣದಲ್ಲಿ ಮೊದಲ ಮುದ್ರಣ 1920 ಅಂತ ಇದ್ರೆ ಎರಡನ್ನೂ ಇಡಿ, ಸಾಹಿತ್ಯ ಚರಿತ್ರೆ ಓದೋವ್ರಿಗೆ 1920 ಬೇಕು, ಮುದ್ರಣದ ಇತಿಹಾಸ ನೋಡೋವ್ರಿಗೆ 1968.

ರಿಸಲ್ಟ್‌ನ ಹಳೇದರಿಂದ ಹೊಸದಕ್ಕೆ ಜೋಡಿಸುವಾಗ ನಾನಾದ್ರೆ ಅತಿ ಹಿಂದಿನ ವರ್ಷ ತಗೊಂಡು ಜೋಡಿಸ್ತೀನಿ, ಎರಡು ಪುಸ್ತಕಕ್ಕೆ ಅದು ಒಂದೇ ಆದ್ರೆ ಅವಧಿ ಚಿಕ್ಕದಿರೋದು ಮೊದಲು. ದಶಕವಾರು ಎಷ್ಟು ಪುಸ್ತಕ ಅಂತ ಕಂಬದ ಚಿತ್ರ ತೋರಿಸುವಾಗ [19--] ಇರೋ ಪುಸ್ತಕನ ಹತ್ತೂ ದಶಕದಲ್ಲಿ ಎಣಿಸಿದ್ರೆ ಎಲ್ಲ ಕಂಬವೂ ಸುಳ್ಳೇ ಉದ್ದ ಆಗ್ತವೆ, ಹತ್ತನೇ ಒಂದು ಭಾಗ ಅಂತ ಹಂಚಿದ್ರೆ ‘12.3 ಪುಸ್ತಕ’ ಅಂತ ವಿಚಿತ್ರ ಸಂಖ್ಯೆ ಬರತ್ತೆ. ಶತಮಾನ ಮಾತ್ರ ಗೊತ್ತಿರೋವಕ್ಕೆ ಪಕ್ಕದಲ್ಲಿ ಬೇರೆ ಕಂಬ ಹಾಕೋದೇ ಪ್ರಾಮಾಣಿಕ.

ಟೆಕ್ನಿಕಲ್ ಆಗಿ ಇದ್ಯಾವುದೂ ಹೊಸದಾಗಿ ಕಂಡುಹಿಡೀಬೇಕಾದ್ದಲ್ಲ. ವುಫೈಂಡ್, ಬ್ಲಾಕ್‌ಲೈಟ್ ಥರದ ಲೈಬ್ರರಿ ಸರ್ಚ್‌ಗಳ ಹಿಂದೆ ಇರೋ ಸೋಲರ್ ಅನ್ನೋ ಸರ್ಚ್ ಸಾಫ್ಟ್‌ವೇರ್‌ನಲ್ಲಿ ಅವಧಿಗಂತಲೇ ಒಂದು ಫೀಲ್ಡ್ ಟೈಪ್ ಇದೆ, ಎಲಾಸ್ಟಿಕ್‌ಸರ್ಚ್‌ನಲ್ಲೂ ಇದೆ, ‘ಒಂದರ ಮೇಲೊಂದು ಬೀಳತ್ತಾ’, ‘ಪೂರ್ತಿ ಒಳಗಿದೆಯಾ’ ಎರಡನ್ನೂ ಬೇರೆ ಬೇರೆ ಕೇಳಬಹುದು, ಅಂದ್ರೆ ‘ಇರಬಹುದು’ ಮತ್ತು ‘ಖಂಡಿತ’ ಎರಡೂ ರೆಡಿಯಾಗಿವೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲೂ ರೇಂಜ್ ಅನ್ನೋ ಟೈಪ್ ಇದೆ. ಇದ್ಯಾವುದೂ ಇಲ್ಲ ಅಂದ್ರೆ ಎರಡು ನಂಬರ್ ಕಾಲಂ ಸಾಕು. ಬರೀ ಇಸವಿಗೆ ನಂಬರ್ ರೇಂಜ್ ತಗೊಳ್ಳಿ, ತಾರೀಖು ರೇಂಜ್ ಬೇಕಾಗೋದು ಮಂಗಳೂರ ಸಮಾಚಾರದ ಥರ 1843 ಜುಲೈ 1 ಅಂತ ದಿನವೇ ಗೊತ್ತಿರೋ ಪತ್ರಿಕೆಗಳಿಗೆ.

ಇದೇ ಎರಡು ನಂಬರ್ ಕಾಪಿರೈಟ್ ನೋಡುವಾಗ್ಲೂ ಬೇಕಾಗತ್ತೆ, ಆದ್ರೆ ಅಲ್ಲಿ ದಿಕ್ಕು ಬೇರೆ. ನಮ್ಮ ದೇಶದಲ್ಲಿ ಲೇಖಕರು ತೀರ್ಕೊಂಡ ಮುಂದಿನ ವರ್ಷದಿಂದ 60 ವರ್ಷ, ಲೇಖಕರ ಹೆಸರಿಲ್ಲದ ಪುಸ್ತಕಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60. ಹೆಸರಿಲ್ಲದ, ಇಸವಿ ಇಲ್ಲದ ಪುಸ್ತಕನ ಎಲ್ರಿಗೂ ಓದೋಕೆ ಬಿಡಬಹುದಾ ಅಂತ ನಿರ್ಧರಿಸುವಾಗ ಅತಿ ಈಚಿನ ವರ್ಷ ತಗೋಬೇಕು, ಅದಕ್ಕೂ 60 ದಾಟಿದ್ರೆ ನಿಶ್ಚಿಂತೆ. ಆಣೆ ಬೆಲೆ ಇರೋ ಒಂದು ಅನಾಮಧೇಯ ಹಾಡಿನ ಪುಸ್ತಕನ ಇಸವಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಬೀಗ ಹಾಕಿಡೋದು ಬೇಕಿಲ್ಲ, ಅದರ ಕೊನೇ ಮಿತಿ ಬೆಲೆಯಲ್ಲೇ ಇದೆ.

ಈಗಾಗ್ಲೇ ಸಾವಿರಗಟ್ಟಲೆ ರೆಕಾರ್ಡ್ ಒಂದೇ ಕಾಲಂನಲ್ಲಿ ತುಂಬಿಟ್ಟಿರೋವ್ರು ಎಲ್ಲಿಂದ ಶುರು ಮಾಡ್ಬೇಕು ಅಂದ್ರೆ, ಮೊದಲು ವರ್ಷವಾರು ಎಷ್ಟೆಷ್ಟಿವೆ ಅಂತ ಒಂದು ಎಣಿಕೆ ತೆಗೀರಿ. 1900, 1970, 0000, 9999 ಇವುಗಳಲ್ಲಿ ಅಸಹಜವಾಗಿ ರಾಶಿ ಬಿದ್ದಿದ್ರೆ ಅವು ಇಸವಿ ಅಲ್ಲ, ಯಾರೋ ತುಂಬಿಸಿದ ಖಾಲಿ ಜಾಗ. ಪತ್ರಿಕೆಗಳಿಗೆ ಮಾತ್ರ 9999 ಅಂದ್ರೆ ಇನ್ನೂ ಬರ್ತಾ ಇದೆ ಅಂತ ಅರ್ಥ, ಅವನ್ನ ಮುಟ್ಬೇಡಿ. ಆಮೇಲೆ ಬ್ರಾಕೆಟ್, ಪ್ರಶ್ನೆ ಚಿಹ್ನೆ, ‘ಸು.’, ‘ಸುಮಾರು’, ಅಡ್ಡಗೆರೆ ಇರೋವನ್ನ ಬೇರೆ ಮಾಡಿ, ಬೇರೆ ಬೇರೆ ಮಾದರಿ ನೀವಂದ್ಕೊಂಡಷ್ಟು ಇರಲ್ಲ, ಒಂದೊಂದು ಮಾದರಿಗೆ ಒಂದೊಂದು ನಿಯಮ ಬರೆದ್ರೆ ಬಹುಪಾಲು ರೆಕಾರ್ಡ್‌ಗೆ ಎರಡು ನಂಬರ್ ತಾನಾಗೇ ಬರ್ತವೆ. ಸಂವತ್ಸರ ಇರೋವನ್ನ ಮಾತ್ರ ಕೈಯಲ್ಲೇ ನೋಡಿ. ಉಳಿದ ‘ಗೊತ್ತಿಲ್ಲ’ಗಳಿಗೆ ಸ್ಕ್ಯಾನ್‌ನ ಮೊದಲ ನಾಲ್ಕು ಪುಟ ಮತ್ತು ಕೊನೇ ರಕ್ಷಾಪುಟ ತೆರೆದು ಬೆಲೆ, ವಿಳಾಸ, ಸೀಲ್ ಇಷ್ಟು ನೋಡಿದ್ರೆ ಸಾಕು, ಒಂದು ಪುಸ್ತಕಕ್ಕೆ ಕೆಲವೇ ನಿಮಿಷದ ಕೆಲಸ, ಮತ್ತು ಅದನ್ನ ಮಾಡೋಕೆ ಕ್ಯಾಟಲಾಗರ್ರೇ ಆಗ್ಬೇಕಂತಿಲ್ಲ, ಪುಸ್ತಕದ ಪುಟದಲ್ಲೇ ‘ಈ ಇಸವಿ ಬಗ್ಗೆ ನಿಮಗೆ ಗೊತ್ತಾ’ ಅಂತ ಒಂದು ಬಟನ್ ಇಟ್ರೆ ಆ ಊರಿನವ್ರು, ಆ ಪ್ರೆಸ್ ನೋಡಿದವ್ರು, ಬರೆದವ್ರ ಮೊಮ್ಮಕ್ಕಳು ಯಾರಾದ್ರೂ ಬಂದು ಹೇಳ್ತಾರೆ.